ಕಿವಿಗೆ ಹಿನ್ನೋಟವಿಲ್ಲ

ತಿಂಗಳ ಕೊನೆಯ ದಿನ ಕಾದಂಬರಿಯ ಹುಚ್ಚು ಇರುವವರಿಗೆಲ್ಲ ಒಂದು ಚಪಲ ಹುಟ್ಟುತ್ತದೆ. ಈ ತಿಂಗಳು ಅಚ್ಚಿನಲ್ಲಿ ಎಷ್ಟು ಓದಿದ್ದಾಯಿತು, ಧ್ವನಿಪುಸ್ತಕದಲ್ಲಿ ಎಷ್ಟು ಕೇಳಿದ್ದಾಯಿತು ಎಂದು ಬೆರಳು ಮಡಿಸುವುದು. ಹೆಬ್ಬೆರಳಿನಿಂದ ಹೊರಟ ಎಣಿಕೆ ಕಿರುಬೆರಳಿಗೆ ಬರುವಷ್ಟರಲ್ಲಿ ತಕರಾರು ಏಳುತ್ತದೆ. ಅರ್ಧ ಓದಿ ಅರ್ಧ ಕೇಳಿದ್ದು ಒಂದೋ, ಎರಡು ಅರ್ಧವೋ? ಅರವತ್ತನೆಯ ಪುಟದಲ್ಲಿ ಮಗುಚಿಟ್ಟು ಮತ್ತೆ ಮುಟ್ಟದ ಪುಸ್ತಕಕ್ಕೆ ಬೆರಳು ಮಡಿಸಬೇಕೋ ಬೇಡವೋ? ಕಿವಿಗೆ ಸಿಕ್ಕಿಸಿಕೊಂಡು ನಿದ್ದೆ ಹೋದ ಮೇಲೆ ತಾನೇ ಓಡಿ ಮುಗಿದ ಮೂರು ಅಧ್ಯಾಯ ಯಾರ ಖಾತೆಗೆ? ಅವೆಲ್ಲ ಆಟಕ್ಕುಂಟು, ಲೆಕ್ಕಕ್ಕಿಲ್ಲ ಎಂದು ತಳ್ಳಿಬಿಡಬಹುದು. ಹಾಗೆ ತಳ್ಳಿದರೆ ಹೇಳಿಕೊಳ್ಳಲು ಎರಡೇ ಬೆರಳು ಉಳಿಯುವ ಅಪಾಯವಿದೆ.

ಪುಸ್ತಕಗಳನ್ನು ತಲೆ ಎಣಿಸಿದಂತೆ ಎಣಿಸುವುದೇ ಈ ಜಗಳದ ಬೇರು. ನೂರಿಪ್ಪತ್ತು ಪುಟದ ಕಿರುಕಾದಂಬರಿಗೂ ಒಂದೇ ಬೆರಳು, ಏಳುನೂರು ಪುಟದ ಮಹಾಕಾಯಕ್ಕೂ ಒಂದೇ ಬೆರಳು. ಗಂಟೆಗಳಲ್ಲಿ ಎಣಿಸಿದರೆ ಅರ್ಧ ಜಗಳ ಇಳಿಯುತ್ತದೆ. ಅದಕ್ಕೊಂದು ಸುಲಭದ ಅಳತೆ ಇದೆ. ಕೈಯಲ್ಲಿರುವ ಪುಸ್ತಕದಿಂದ ವಿವರಣೆಯೂ ಮಾತುಕತೆಯೂ ಬೆರೆತಿರುವ ಒಂದು ಪುಟ ಆರಿಸಿ, ಪಕ್ಕದಲ್ಲಿ ಕೂತವರಿಗೆ ಕೇಳುವಂತೆ ನಿಧಾನವಾಗಿ ಗಟ್ಟಿಯಾಗಿ ಓದಿ, ಗಡಿಯಾರ ನೋಡುವುದು. 1/8 ಡೆಮಿ ಆಕಾರದ, ಅಂದರೆ ಸಾಮಾನ್ಯ ಕಾದಂಬರಿಯ ಅಳತೆಯ, ಸಾಧಾರಣ ಗಾತ್ರದ ಅಕ್ಷರದ ಒಂದು ಪುಟ ಎರಡು ನಿಮಿಷ ಹಿಡಿಯಿತು ಎಂದಿಟ್ಟುಕೊಳ್ಳಿ. ಆಗ ಮುನ್ನೂರು ಪುಟದ ಕಾದಂಬರಿ ಧ್ವನಿಯಲ್ಲಿ ಹತ್ತು ಗಂಟೆಯ ಕೆಲಸ. ದಿನಕ್ಕೆ ಅರ್ಧ ಗಂಟೆಯಂತೆ ಮೂವತ್ತು ದಿನ ಕೇಳಿದರೆ ಹದಿನೈದು ಗಂಟೆ, ಅಂದರೆ ಅಂಥ ಒಂದೂವರೆ ಕಾದಂಬರಿ. ತಿಂಗಳಿಗೆ ಆರು ಮುಗಿಸುತ್ತೇನೆಂದು ಒಂದನೇ ತಾರೀಖು ಪಟ್ಟಿ ಬರೆದವರು ಈ ಗುಣಾಕಾರವನ್ನು ಮಾಡಿರುವುದಿಲ್ಲ.

ಮೌನವಾಗಿ ಓದಿದರೆ ಎಷ್ಟು ಹೊತ್ತು? 2019ರಲ್ಲಿ ಮಾರ್ಕ್ ಬ್ರಿಸ್‌ಬಾರ್ಟ್ ಎಂಬ ಮನೋವಿಜ್ಞಾನಿ ಓದಿನ ವೇಗದ ಬಗ್ಗೆ ಅಲ್ಲಿಯವರೆಗೆ ನಡೆದಿದ್ದ ಅಧ್ಯಯನಗಳನ್ನೆಲ್ಲ ಒಟ್ಟುಮಾಡಿ ಸರಾಸರಿ ತೆಗೆದರು. ಇಂಗ್ಲಿಷ್ ಓದುವ ವಯಸ್ಕರು ಕಥೆ ಕಾದಂಬರಿಯನ್ನು ಮೌನವಾಗಿ ಓದುವಾಗ ನಿಮಿಷಕ್ಕೆ ಸುಮಾರು 260 ಪದ, ಗಟ್ಟಿಯಾಗಿ ಓದುವಾಗ 183 ಪದ ಎಂದು ಅವರ ಲೆಕ್ಕ. ಈ ಪದಸಂಖ್ಯೆಯನ್ನು ಕನ್ನಡಕ್ಕೆ ಎತ್ತಿಕೊಂಡು ಬರುವಂತಿಲ್ಲ. ‘ಬರಬೇಕಾಗಿತ್ತಲ್ಲವೇ’ ಎನ್ನುವುದು ನಮ್ಮಲ್ಲಿ ಒಂದೇ ಪದ, ಅವರಲ್ಲಿ ಅದೊಂದು ಪೂರಾ ವಾಕ್ಯ. ಆದರೆ ಎರಡು ಅಂಕಿಗಳ ನಡುವಿನ ಪ್ರಮಾಣವನ್ನು ಅಂದಾಜಿಗೆ ಸಾಲ ಪಡೆಯಬಹುದು. ಹತ್ತು ಗಂಟೆ ಕೇಳಬೇಕಾದದ್ದು ಕಣ್ಣಿಗೆ ಸರಿಸುಮಾರು ಏಳು ಗಂಟೆ. ಕೇಳುವುದು ಸೋಮಾರಿಗಳ ಅಡ್ಡದಾರಿ ಎನ್ನುವವರಿಗೆ ಇಷ್ಟು ಉತ್ತರ ಸಾಕು: ಅದು ಮೂರು ಗಂಟೆ ಸುತ್ತಿನ ದಾರಿ.

ಆ ಮೂರು ಗಂಟೆಯನ್ನು ಕಣ್ಣು ಬರಿಯ ಓಟದಿಂದ ಗೆದ್ದದ್ದಲ್ಲ ಎನ್ನುವುದೇ ಇಲ್ಲಿಯ ಸೋಜಿಗ. ಓದುವ ಕಣ್ಣು ಸಾಲಿನ ಮೇಲೆ ಚಕ್ರದಂತೆ ಉರುಳುವುದಿಲ್ಲ, ಗುಬ್ಬಿಯಂತೆ ಕುಪ್ಪಳಿಸುತ್ತದೆ. ಒಂದು ಕಡೆ ಕಾಲು ಸೆಕೆಂಡಿನಷ್ಟು ಕೂರುತ್ತದೆ, ಮುಂದಕ್ಕೆ ಹಾರುತ್ತದೆ. ಪಳಗಿದ ಓದುಗರಲ್ಲೂ ಈ ಹಾರಿಕೆಗಳಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಹಿಮ್ಮುಖ ಎಂದು ಕಣ್ಣಿನ ಚಲನೆ ಅಳೆದವರು ಹೇಳುತ್ತಾರೆ. ಯಾರು ಮಾತಾಡಿದ್ದು, ‘ಅದು’ ಎಂದರೆ ಯಾವುದು ಎಂಬ ಅನುಮಾನ ಮನಸ್ಸಿಗೆ ಪೂರಾ ಬರುವ ಮೊದಲೇ ಕಣ್ಣು ಎರಡು ಪದ ಹಿಂದಕ್ಕೆ ಹೋಗಿ, ನೋಡಿಕೊಂಡು, ಏನೂ ಆಗದವರಂತೆ ವಾಪಸು ಬಂದಿರುತ್ತದೆ. ಓದಿದವರಿಗೆ ಅದು ಗೊತ್ತೇ ಆಗುವುದಿಲ್ಲ. ‘ನಾನು ಒಂದೇ ಉಸಿರಿಗೆ ಓದಿದೆ’ ಎನ್ನುವವರ ಕಣ್ಣು ಆ ಉಸಿರಿನೊಳಗೆ ನೂರಾರು ಸಲ ಹಿಂದಿರುಗಿರುತ್ತದೆ.

ಕಿವಿಗೆ ಈ ಸೌಕರ್ಯವಿಲ್ಲ. ಭಾಷೆಗೂ ಇದು ಗೊತ್ತಿದ್ದಂತಿದೆ. ಕನ್ನಡದಲ್ಲಿ ಕಣ್ಣಾಡಿಸುತ್ತೇವೆ, ಕಣ್ಣು ಹಾಯಿಸುತ್ತೇವೆ, ಕಣ್ಣು ಕೀಳುತ್ತೇವೆ. ಕಿವಿಯಾಡಿಸುವುದು ಎಂಬ ಮಾತೇ ಇಲ್ಲ. ಕಿವಿಯನ್ನು ಕೊಡುತ್ತೇವೆ, ‘ಕಿವಿಗೊಟ್ಟು’ ಕೇಳುತ್ತೇವೆ. ಕೊಟ್ಟ ಮೇಲೆ ಅದು ಓದಿ ಹೇಳುವವರ ವಶ. ಅವರು ನಿಂತಲ್ಲಿ ನಿಲ್ಲಬೇಕು, ಓಡಿದಲ್ಲಿ ಓಡಬೇಕು. ಹಿಂದಕ್ಕೆ ಹೋಗಬೇಕೆಂದರೆ ಒದ್ದೆ ಕೈ ಒರೆಸಿಕೊಂಡು, ಪರದೆ ಎಬ್ಬಿಸಿ, ಹದಿನೈದು ಸೆಕೆಂಡಿನ ಗುಂಡಿ ಹುಡುಕಿ ಒತ್ತಬೇಕು. ಇಷ್ಟೊಂದು ಕೆಲಸವಿದ್ದಾಗ ಮನುಷ್ಯ ಏನು ಮಾಡುತ್ತಾನೆ? ‘ಮುಂದೆ ಹೇಗೂ ಗೊತ್ತಾಗುತ್ತದೆ’ ಎಂದುಕೊಂಡು ಬಿಡುತ್ತಾನೆ. ಕೇಳಿದ ಕಾದಂಬರಿಯಲ್ಲಿ ಬೀಳುವ ತೂತುಗಳಲ್ಲಿ ಮುಕ್ಕಾಲು ಪಾಲು ಈ ‘ಹೇಗೂ’ ಎಂಬ ಪದದ ಕೊಡುಗೆ.

ಹಾಗೆಂದು ಕೇಳುವುದು ಹೊಸ ಚಟವೇನಲ್ಲ, ಮೌನವಾಗಿ ಓದುವುದೇ ಒಂದು ಕಾಲಕ್ಕೆ ಮಾತಾಡಿಕೊಳ್ಳುವಂಥ ಸಂಗತಿಯಾಗಿತ್ತು. ನಾಲ್ಕನೆಯ ಶತಮಾನದಲ್ಲಿ ಮಿಲಾನಿನ ಬಿಷಪ್ ಆಂಬ್ರೋಸ್ ತುಟಿ ಅಲ್ಲಾಡಿಸದೆ, ಸದ್ದಿಲ್ಲದೆ ಓದುತ್ತಿದ್ದುದನ್ನು ಸಂತ ಆಗಸ್ಟೀನ್ ವಿಶೇಷವೆಂಬಂತೆ ಬರೆದಿಟ್ಟಿದ್ದಾನೆ. ಕ್ಯೂಬಾದ ಸಿಗಾರ್ ಕಾರ್ಖಾನೆಗಳಲ್ಲಿ 1865ರಿಂದ ಎತ್ತರದ ಪೀಠದ ಮೇಲೆ ಕೂತು ಓದಿ ಹೇಳುವವರಿದ್ದರು. ಕೆಳಗೆ ಸಾಲಾಗಿ ಕೂತವರು ಎಲೆ ಸುತ್ತುತ್ತ ಪತ್ರಿಕೆ ಕೇಳುವರು, ಕಾದಂಬರಿ ಕೇಳುವರು. ಓದುವವನ ಸಂಬಳಕ್ಕೆ ಕೆಲಸಗಾರರೇ ತಲೆಗಿಷ್ಟು ಹಾಕುತ್ತಿದ್ದರು. ಕೈಗೆ ಕೆಲಸ, ಕಿವಿಗೆ ಕಾದಂಬರಿ ಎಂಬ ಜೋಡಣೆ ಅಲ್ಲಿ ಕರಾರುವಾಕ್ಕಾಗಿ ಕೂತಿತ್ತು.

ಧ್ವನಿಮುದ್ರಿತ ಪುಸ್ತಕ ಬಂದದ್ದು ಕಣ್ಣು ಕಾಣದವರಿಗಾಗಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1934ರಲ್ಲಿ ಶುರುಮಾಡಿದ ಮಾತಾಡುವ ಪುಸ್ತಕಗಳು ಗ್ರಾಮಫೋನ್ ತಟ್ಟೆಗಳಲ್ಲಿದ್ದವು. ಒಂದು ಬದಿಗೆ ಹಿಡಿಸುತ್ತಿದ್ದದ್ದು ಸುಮಾರು ಹದಿನೈದು ನಿಮಿಷ. ಹತ್ತು ಗಂಟೆಯ ಕಾದಂಬರಿಗೆ ನಲವತ್ತು ಬದಿ, ಇಪ್ಪತ್ತು ತಟ್ಟೆ. ಅದನ್ನು ಹೊರುವ ಕಷ್ಟ ಹೊತ್ತವರಿಗೇ ಗೊತ್ತು. ಆದರೆ ಅದರಲ್ಲೊಂದು ಲಾಭವಿತ್ತು. ಹದಿನೈದು ನಿಮಿಷಕ್ಕೊಮ್ಮೆ ಎದ್ದು ತಟ್ಟೆ ಮಗುಚುವಾಗ ಅಲ್ಲಿಯವರೆಗಿನ ಕಥೆ ಒಂದು ಸಲ ತಲೆಯಲ್ಲಿ ಸುಳಿದು ಹೋಗುತ್ತದೆ. ಕಣ್ಣಿನ ಹಿಮ್ಮುಖ ನೆಗೆತಕ್ಕೆ ಬದಲಾಗಿ ಕಿವಿಗೆ ಸಿಕ್ಕ ಬಿಡುವು ಅದು. ಈಗಿನ ಯಂತ್ರ ಹತ್ತು ಗಂಟೆಯನ್ನೂ ಉಸಿರು ಬಿಡದೆ ಹರಿಸುತ್ತದೆ. ಬಿಡುವನ್ನು ನಾವೇ ಕಲ್ಪಿಸಿಕೊಳ್ಳಬೇಕು. ಅಧ್ಯಾಯ ಮುಗಿದ ಕೂಡಲೆ ನಿಲ್ಲಿಸಿ, ಒಂದು ನಿಮಿಷ ಏನನ್ನೂ ಕೇಳದೆ ಕೈಕೆಲಸ ಮುಂದುವರಿಸಿದರೆ ಸಾಕು. ಅನೇಕ ಆ್ಯಪ್‌ಗಳಲ್ಲಿ ‘ಅಧ್ಯಾಯದ ಕೊನೆಗೆ ನಿಲ್ಲಿಸು’ ಎಂಬ ಆಯ್ಕೆ, ಹೇಳಿದ ಹೊತ್ತಿಗೆ ಧ್ವನಿ ನಿಲ್ಲಿಸುವ ನಿದ್ದೆಯ ಟೈಮರಿನೊಳಗೆ ಅಡಗಿ ಕೂತಿರುತ್ತದೆ. ಅದನ್ನು ಹಗಲಿನಲ್ಲಿ ಬಳಸಬಾರದೆಂದೇನೂ ಇಲ್ಲ.

ಕೈಕೆಲಸ ಎಂದೆವು. ಎಲ್ಲ ಕೈಕೆಲಸವೂ ಒಂದೇ ಅಲ್ಲ. ಬಟ್ಟೆ ಮಡಚುವುದು, ಧೂಳು ಹೊಡೆಯುವುದು, ಗೊತ್ತಿರುವ ದಾರಿಯಲ್ಲಿ ನಡೆಯುವುದು, ಗಿಡಕ್ಕೆ ನೀರು ಬಿಡುವುದು, ಇವೆಲ್ಲ ಕಾದಂಬರಿಯ ನೆಂಟರು. ಪತ್ರ ಬರೆಯುವುದು, ಹಣ ಎಣಿಸುವುದು, ಹೊಸ ಊರಿನಲ್ಲಿ ಫಲಕ ಓದಿಕೊಂಡು ದಾರಿ ಹುಡುಕುವುದು ಹಗೆಗಳು. ಪದ ಬೇಡುವ, ಅಂಕಿ ಬೇಡುವ ಕೆಲಸ ಯಾವುದಾದರೂ ಕಿವಿಯಿಂದ ಬರುವ ಪದಗಳೊಂದಿಗೆ ಒಂದೇ ಬಾಗಿಲಲ್ಲಿ ನುಗ್ಗಲು ಹೋಗುತ್ತದೆ. ನಡುವೆ ಒಂದು ಮೋಸದ ಜಾತಿ ಇದೆ: ಪಾತ್ರೆ ತೊಳೆಯುವುದು. ಕೆಲಸವೇನೋ ಮೂಕ, ಆದರೆ ನಲ್ಲಿಯ ಸದ್ದು ಸ, ಶ, ಚ, ತ ಮೊದಲಾದ ತೆಳು ಸದ್ದಿನ ವ್ಯಂಜನಗಳನ್ನು ನುಂಗಿಬಿಡುತ್ತದೆ. ಸ್ವರಗಳು ಮಾತ್ರ ಕೇಳಿ, ‘ಸತ್ತ’ನೋ ‘ಅತ್ತ’ನೋ ತಿಳಿಯದಾಗುತ್ತದೆ. ಕಾದಂಬರಿಯಲ್ಲಿ ಇವೆರಡರ ನಡುವೆ ತುಂಬ ವ್ಯತ್ಯಾಸವಿದೆ. ಆಗ ಎಲ್ಲರೂ ಮಾಡುವುದು ದನಿ ಏರಿಸುವುದು, ಮಾಡಬೇಕಾದದ್ದು ನಲ್ಲಿ ನಿಲ್ಲಿಸಿ ಉಜ್ಜುವಾಗ ಕೇಳಿ, ತೊಳೆಯುವಾಗ ವಿರಾಮ ಒತ್ತುವುದು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹಾಕಿದ ಗೆರೆ ವಾರಕ್ಕೆ 40 ಗಂಟೆ, ಅದೂ 80 ಡೆಸಿಬೆಲ್ ಮೀರದಂತೆ. ದನಿ ಏರಿದಷ್ಟೂ ಆ ಗಂಟೆಗಳು ಬೇಗ ಕರಗುತ್ತವೆ.

ವೇಗದ ಗುಂಡಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಒಂದು ಭಾಗಾಕಾರ ಸಾಕು. ಹತ್ತು ಗಂಟೆಯ ಕಾದಂಬರಿಯನ್ನು 1.25 ಪಟ್ಟು ವೇಗದಲ್ಲಿ ಕೇಳಿದರೆ ಎಂಟು ಗಂಟೆ, ಎರಡು ಗಂಟೆ ಉಳಿತಾಯ. 1.75ರಿಂದ 2ಕ್ಕೆ ಏರಿಸಿದರೆ? 5 ಗಂಟೆ 43 ನಿಮಿಷ ಇದ್ದದ್ದು 5 ಗಂಟೆಯಾಗುತ್ತದೆ, ಉಳಿದದ್ದು ಬರೀ 43 ನಿಮಿಷ. ಏರಿಕೆ ಅಷ್ಟೇ, ಗಿಟ್ಟುವುದು ಕಮ್ಮಿ, ಹಿಂದಕ್ಕೆ ಒತ್ತುವುದು ಜಾಸ್ತಿ. ವೇಗಕ್ಕಿಂತ ಕೆಟ್ಟದ್ದು ‘ಮೌನ ಕತ್ತರಿಸು’ ಎಂಬ ಸೌಲಭ್ಯ. ಉಪನ್ಯಾಸಕ್ಕೆ ಅದು ಸರಿ. ಕಾದಂಬರಿಯಲ್ಲಿ ‘ಬರುತ್ತೀಯಾ?’ ಎಂಬ ಪ್ರಶ್ನೆಗೂ ‘ಇಲ್ಲ’ ಎಂಬ ಉತ್ತರಕ್ಕೂ ನಡುವೆ ಓದುವವರು ಬಿಟ್ಟ ಎರಡು ಸೆಕೆಂಡು ಆ ಅಧ್ಯಾಯದ ಜೀವವಾಗಿರಬಹುದು. ಯಂತ್ರಕ್ಕೆ ಅದು ಖಾಲಿ ಜಾಗ.

ನಿದ್ದೆಗೂ ಕಾದಂಬರಿಗೂ ಇರುವ ಸಂಬಂಧ ಹಳೆಯದು. ಪುಸ್ತಕವಾದರೆ ಎದೆಯ ಮೇಲೆ ಬೀಳುತ್ತದೆ, ಬಿದ್ದ ಪುಟದ ಆಸುಪಾಸಿನಲ್ಲೇ ಮರುದಿನ ಹಿಡಿಯಬಹುದು. ಧ್ವನಿ ಬೀಳುವುದಿಲ್ಲ, ಬೆಳಗಿನವರೆಗೂ ಓದುತ್ತದೆ. ಟೈಮರು ಹಾಕಿದ್ದರೆ ಹುಡುಕಬೇಕಾದದ್ದು ಟೈಮರಿನಷ್ಟೇ, ಆದ್ದರಿಂದ ಅರವತ್ತು ನಿಮಿಷದ ಟೈಮರಿಗಿಂತ ಹದಿನೈದು ನಿಮಿಷದ್ದು ಮೇಲು. ಹಾಕಲು ಮರೆತು ನಾಲ್ಕು ಗಂಟೆ ಓಡಿದ್ದರೆ, ಹದಿನೈದು ಹದಿನೈದು ಸೆಕೆಂಡು ಹಿಂದಕ್ಕೆ ಒತ್ತುತ್ತ ಕೂರುವುದು ಹುಚ್ಚುತನ. ಸರಿಯಾಗಿ ಮಧ್ಯಕ್ಕೆ ಹೋಗಿ, ಎರಡು ಗಂಟೆಯ ಜಾಗದಲ್ಲಿ ಅರ್ಧ ನಿಮಿಷ ಕೇಳಬೇಕು. ಗೊತ್ತಿರುವ ಕಥೆಯೇ? ಹಾಗಾದರೆ ನಿದ್ದೆ ಬಂದದ್ದು ಮುಂದಿನ ಅರ್ಧದಲ್ಲಿ. ಗೊತ್ತಿಲ್ಲವೇ? ಹಿಂದಿನ ಅರ್ಧದಲ್ಲಿ. ಸಿಕ್ಕ ಅರ್ಧವನ್ನು ಮತ್ತೆ ಅರ್ಧ ಮಾಡುತ್ತ ಹೋದರೆ, 240 ನಿಮಿಷ ಎಂಟೇ ಸಲಕ್ಕೆ ಒಂದು ನಿಮಿಷಕ್ಕೆ ಇಳಿಯುತ್ತದೆ. ಇದರಲ್ಲಿರುವ ಒಂದೇ ತೊಂದರೆ, ಹುಡುಕುವಾಗ ಮುಂದಿನ ಕಥೆಯ ಒಂದೆರಡು ಗುಟ್ಟು ಕಿವಿಗೆ ಬಿದ್ದುಬಿಡುವುದು. ಕೊಲೆಯ ಕಾದಂಬರಿಯಾದರೆ ಟೈಮರು ಮರೆಯಲೇಬಾರದು.

ಓದುವುದನ್ನೂ ಕೇಳುವುದನ್ನೂ ಒಂದೇ ಕಾದಂಬರಿಯಲ್ಲಿ ಹೆಣೆಯುವವರಿಗೆ ಇನ್ನೊಂದು ಲೆಕ್ಕ ಬೇಕಾಗುತ್ತದೆ. ರಾತ್ರಿ 163ನೆಯ ಪುಟ ತೆರೆದಿಟ್ಟು ಮಲಗಿದ್ದು, ಬೆಳಿಗ್ಗೆ ಧ್ವನಿಯಲ್ಲಿ ಎಲ್ಲಿಂದ ಹಿಡಿಯಬೇಕು? ಪುಸ್ತಕದ ಕೊನೆಯ ಪುಟಸಂಖ್ಯೆಯನ್ನು ನಂಬಬಾರದು. ಮುನ್ನುಡಿ, ಅರ್ಪಣೆ, ಪರಿವಿಡಿ ಕಳೆದು ಕಥೆ 13ರಿಂದ 312ರವರೆಗೆ ಇದೆಯೆನ್ನಿ, ಅದು 300 ಪುಟ. ಧ್ವನಿ ಒಟ್ಟು 10 ಗಂಟೆ 10 ನಿಮಿಷ, ಮೊದಲ ಹತ್ತು ನಿಮಿಷ ಪ್ರಕಾಶಕರ ಹೆಸರು, ಪೀಠಿಕೆ. ಪುಟಕ್ಕೆ ಎರಡು ನಿಮಿಷದಂತೆ ಮುಗಿದ 150 ಪುಟಕ್ಕೆ 5 ಗಂಟೆ, ಮೇಲೆ ಹತ್ತು ನಿಮಿಷ ಸೇರಿಸಿದರೆ 5 ಗಂಟೆ 10 ನಿಮಿಷದ ಜಾಗ. ಅಲ್ಲಿಗೆ ಹೋದರೆ ಸರಿಯಾಗಿ ಆ ಸಾಲೇ ಸಿಗುತ್ತದೆಯೇ? ಸಿಗುವುದಿಲ್ಲ. ಮಾತುಕತೆ ತುಂಬಿದ ಪುಟದಲ್ಲಿ ಬಿಳಿ ಜಾಗ ಹೆಚ್ಚು, ಅದು ಬೇಗ ಮುಗಿಯುತ್ತದೆ. ವರ್ಣನೆಯ ಪುಟ ಇಟ್ಟಿಗೆಯಂತೆ ಗಿಡಿದಿರುತ್ತದೆ. ಆದ್ದರಿಂದ ಲೆಕ್ಕಕ್ಕೆ ಬಂದ ಜಾಗಕ್ಕಿಂತ ನಾಲ್ಕೈದು ನಿಮಿಷ ಹಿಂದೆಯೇ ಇಳಿದು ನಡೆದುಕೊಂಡು ಬರುವುದು ಕ್ಷೇಮ. ಧ್ವನಿಯ ‘ಭಾಗ 7’ಕ್ಕೂ ಪುಸ್ತಕದ ಏಳನೆಯ ಅಧ್ಯಾಯಕ್ಕೂ ನಂಟು ಇರಲೇಬೇಕೆಂದಿಲ್ಲ, ಪೀಠಿಕೆಯನ್ನೇ ‘ಭಾಗ 1’ ಮಾಡಿದ್ದರೆ ಎಲ್ಲವೂ ಒಂದೊಂದು ಮನೆ ಸರಿದಿರುತ್ತವೆ. ಇನ್ನು ಎರಡು ಸಾಧನಗಳಲ್ಲಿ ಕೇಳುವವರಿಗೆ ಹಳೆಯ ಕಾಟ: ಇಂಟರ್‌ನೆಟ್ ಇಲ್ಲದಾಗ ಒಂದರಲ್ಲಿ ಮುಂದೆ ಹೋಗಿರುತ್ತಾರೆ, ಇನ್ನೊಂದನ್ನು ತೆರೆದೊಡನೆ ಅದು ತನ್ನ ಹಳೆಯ ಜಾಗವನ್ನೇ ಸತ್ಯವೆಂದು ಸಾರಿಬಿಡುತ್ತದೆ. ನಿಲ್ಲಿಸಿದ ಹೊತ್ತಿನಲ್ಲಿ ಗಂಟೆ ನಿಮಿಷ ಬರೆದಿಟ್ಟುಕೊಂಡವರಿಗೆ ಇದರ ಭಯವಿಲ್ಲ.

ಕಿವಿಗೆ ಯಾವುದು, ಕಣ್ಣಿಗೆ ಯಾವುದು ಎಂದು ವಿಂಗಡಿಸುವುದು ಇಡೀ ತಿಂಗಳ ರುಚಿಯನ್ನು ನಿರ್ಧರಿಸುವ ಕೆಲಸ. ದಪ್ಪ ಪುಸ್ತಕ ಕಿವಿಗೆ, ತೆಳು ಪುಸ್ತಕ ಕಣ್ಣಿಗೆ ಎಂಬ ಸಾಮಾನ್ಯ ನಂಬಿಕೆ ತಪ್ಪು. ವಾರವಾರ ಧಾರಾವಾಹಿಯಾಗಿ ಬಂದ ಕಾದಂಬರಿ ಎಷ್ಟೇ ದಪ್ಪವಿರಲಿ, ಕಿವಿಗೆ ಒಗ್ಗುತ್ತದೆ. ಹಿಂದಿನ ಕಂತನ್ನು ಓದುಗರು ಮರೆತಿರುತ್ತಾರೆಂದು ತಿಳಿದೇ ಬರೆದದ್ದು ಅದು, ಹೆಸರಿನ ಜೊತೆ ಒಂದು ಗುರುತನ್ನೂ ಮತ್ತೆ ಮತ್ತೆ ಕೊಡುತ್ತದೆ. ತೊಂಬತ್ತು ಪುಟದಲ್ಲಿ ಮೂರು ಕಾಲಗಳನ್ನು ಒಂದರೊಳಗೊಂದು ಮಡಚಿಟ್ಟ ಕಿರುಕಾದಂಬರಿ ಕಿವಿಯಲ್ಲಿ ಎರಡನೆಯ ಮಡಿಕೆಗೇ ಹರಿಯುತ್ತದೆ. ಪತ್ರಗಳ ಮೂಲಕ ಸಾಗುವ ಕಾದಂಬರಿಯಲ್ಲಿ ಮೇಲಿನ ತಾರೀಖು ಮುಖ್ಯ. ಕಣ್ಣು ಅದನ್ನು ತಿರುಗಿ ನೋಡುತ್ತದೆ, ಕಿವಿ ಅದನ್ನು ಕೇಳಿದ ಕ್ಷಣವೇ ಮರೆಯುತ್ತದೆ. ಅಡಿಟಿಪ್ಪಣಿ ಇರುವ ಕಾದಂಬರಿಯನ್ನು ಧ್ವನಿಗೆ ತಂದವರ ಪಾಡು ದೇವರೇ ಬಲ್ಲ: ನಡುವೆ ಓದಿದರೆ ವಾಕ್ಯ ಮುರಿಯುತ್ತದೆ, ಕೊನೆಗೆ ಓದಿದರೆ ಯಾವುದರ ಟಿಪ್ಪಣಿ ಎಂದು ತಿಳಿಯುವುದಿಲ್ಲ.

ಕನ್ನಡದಲ್ಲಿ ಕೇಳುವಾಗ ಕೆಲವು ತೊಡಕುಗಳಿವೆ. ನಮ್ಮ ವಾಕ್ಯದಲ್ಲಿ ಕರ್ತೃ ಹೇಳದೆಯೂ ಕ್ರಿಯಾಪದ ಸಾಗುತ್ತದೆ. ‘ಎದ್ದಳು. ಕಿಟಕಿ ತೆರೆದಳು. ನಕ್ಕಳು.’ ಯಾರು? ಕೋಣೆಯಲ್ಲಿ ಒಬ್ಬಳೇ ಇದ್ದರೆ ಚಿಂತೆಯಿಲ್ಲ, ಅಕ್ಕ ತಂಗಿ ಇಬ್ಬರೂ ಇದ್ದರೆ ಕಣ್ಣು ಮೇಲಿನ ಸಾಲಿಗೆ ಹಾರಿ ಬಗೆಹರಿಸಿಕೊಳ್ಳುತ್ತದೆ, ಕಿವಿ ತಬ್ಬಿಬ್ಬಾಗುತ್ತದೆ. ಒಂದು ಅನುಕೂಲವೂ ಇದೆ. ‘ಅಂದನು’, ‘ಅಂದಳು’, ‘ಅಂದರು’ ಎಂಬ ತುದಿಗಳು ಗಂಡು, ಹೆಣ್ಣು, ಹಿರಿಯರು ಎಂದು ಬೇರ್ಪಡಿಸಿಕೊಡುತ್ತವೆ. ಅತ್ತೆ ಸೊಸೆಯ ಮಾತು ಕೇಳುತ್ತಲೇ ತಿಳಿಯುವುದು ಈ ಕಾರಣದಿಂದ. ಆದರೆ ವಾಕ್ಯ ಉದ್ದವಾಗಿ, ‘ಅಂದಳು’ ಕೊನೆಗೆ ಬರುವವರೆಗೂ ಮಾತು ಯಾರದೆಂದು ಕಾಯುತ್ತ ಇರಬೇಕು. ಹೆಸರುಗಳದ್ದು ಇನ್ನೊಂದು ಪೇಚು. ಸುಮ, ಸುಧಾ, ಸುಶೀಲೆ ಒಂದೇ ಮನೆಯಲ್ಲಿದ್ದರೆ ಅಚ್ಚಿನಲ್ಲಿ ಅವರವರ ಮುಖ ಬೇರೆ, ಕಿವಿಯಲ್ಲಿ ‘ಸು’ ಎನ್ನುವಷ್ಟರಲ್ಲಿ ಮೂವರೂ ಓಗೊಡುತ್ತಾರೆ. ಮೊದಲ ಎರಡು ಅಧ್ಯಾಯ ಕೇಳುವಾಗ ಒಂದು ಚೀಟಿಯಲ್ಲಿ ಹೆಸರು, ನಂಟು, ಒಂದು ಗುರುತು (ಕೆಮ್ಮುವವರು, ಸಾಲ ಕೊಟ್ಟವರು) ಬರೆದಿಟ್ಟುಕೊಂಡರೆ ಮುಂದೆ ಹಿಂದಕ್ಕೆ ಒತ್ತುವ ಕೆಲಸ ಬಹಳ ತಗ್ಗುತ್ತದೆ. ಎಂಟು ಹೆಸರಿಗಿಂತ ಹೆಚ್ಚಾದರೆ ಆ ಕಾದಂಬರಿ ಅಚ್ಚಿನಲ್ಲೇ ಬೇಕೆಂದು ತಿಳಿಯಬಹುದು.

ಕಿವಿ ಗೆಲ್ಲುವುದು ಆಡುಮಾತಿನಲ್ಲಿ. ಒಂದು ಸೀಮೆಯ ಮಾತನ್ನು ಅಚ್ಚಿನಲ್ಲಿ ಓದುವಾಗ ಹೊರಗಿನವರು ಅಕ್ಷರ ಕೂಡಿಸಿ ಕೂಡಿಸಿ ಎಡವುತ್ತಾರೆ, ಹಾಸ್ಯ ತಡವಾಗಿ ಹೊಳೆಯುತ್ತದೆ. ಆ ಮಾತಿನಲ್ಲೇ ಬೆಳೆದವರು ಓದಿದರೆ ‘ಹೌದೇನ್ರೀ’ ಎಂಬುದರಲ್ಲಿ ಎಷ್ಟು ಗೌರವ, ಎಷ್ಟು ಕುಟುಕು ಎನ್ನುವುದು ಅರ್ಥಕ್ಕಿಂತ ಮೊದಲೇ ತಲುಪುತ್ತದೆ. ಅದೇ ಮಾತನ್ನು ಅರಿಯದವರು ನಾಟಕದ ಧಾಟಿಯಲ್ಲಿ ಓದಿದರೆ ಮಾತ್ರ ಆ ಕಾದಂಬರಿ ಕೆಡುತ್ತದೆ, ಅಚ್ಚಿನಲ್ಲಿ ಮತ್ತೆ ಓದಿದರೂ ಆ ತಪ್ಪು ರಾಗ ಕಿವಿ ಬಿಟ್ಟು ಹೋಗುವುದಿಲ್ಲ. ಮೊದಲ ಹತ್ತು ನಿಮಿಷವನ್ನು ಕೇಳಿ ನೋಡಿದರೆ ಸಾಲದು. ಮೂರನೆಯ ಅಧ್ಯಾಯದಲ್ಲಿ ಇಬ್ಬರು ಜಗಳವಾಡುವ ಜಾಗ ಹುಡುಕಿ ಕೇಳಬೇಕು. ವರ್ಣನೆಯನ್ನು ಯಾರು ಬೇಕಾದರೂ ಓದಿಯಾರು, ಜಗಳವನ್ನು ಓದುವುದು ಕಷ್ಟ.

ಮನುಷ್ಯರ ಧ್ವನಿ ಸಿಗದಾಗ ಫೋನಿನ ಯಂತ್ರಧ್ವನಿಯಿಂದ ಓದಿಸಿಕೊಳ್ಳುವವರಿದ್ದಾರೆ. ಅದು ನಿಷ್ಠಾವಂತ, ಆದರೆ ಮುಗ್ಧ. ‘ಡಾ.’ ಎಂಬಲ್ಲಿ ಚುಕ್ಕಿ ಕಂಡು ವಾಕ್ಯ ಮುಗಿಯಿತೆಂದು ನಿಲ್ಲಬಹುದು. ದೃಶ್ಯ ಬದಲಾದದ್ದಕ್ಕೆ ಲೇಖಕರು ಬಿಟ್ಟ ಖಾಲಿ ಸಾಲು ಅದಕ್ಕೆ ಕಾಣದೆ, ಮದುವೆ ಮನೆಯಿಂದ ನೇರ ಮಸಣಕ್ಕೆ ಕಾಲಿಟ್ಟುಬಿಡುತ್ತದೆ. ಪುಟದ ನೆತ್ತಿಯ ಶೀರ್ಷಿಕೆಯನ್ನೂ ಅಡಿಯ ಅಂಕಿಯನ್ನೂ ವಾಕ್ಯದ ನಡುವೆ ತುರುಕುತ್ತದೆ. ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್ ಬರುವ ಮುಂಚಿನ ಫಾಂಟುಗಳಲ್ಲಿ ಕೂಡಿಸಿದ ಹಳೆಯ ಕಡತವಾದರೆ ಪರದೆಯ ಮೇಲೆ ಚೆಂದದ ಕನ್ನಡ, ಒಳಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಯಂತ್ರ ಆ ರಾಶಿಯನ್ನೇ ಓದುತ್ತದೆ. ಮೊದಲು ಯೂನಿಕೋಡಿಗೆ ಪರಿವರ್ತಿಸಬೇಕು. ಸ್ಕ್ಯಾನ್ ಮಾಡಿದ ಪುಟಗಳಲ್ಲಿ ಅಕ್ಷರವೇ ಇರುವುದಿಲ್ಲ, ಬರೀ ಚಿತ್ರ. ಅಕ್ಷರ ಗುರುತಿಸುವ ತಂತ್ರಾಂಶ ಅದನ್ನು ಪಠ್ಯವಾಗಿಸುವಾಗ ಪ-ಷ, ಘ-ಫ, ಮ-ವು ಇವುಗಳಲ್ಲಿ ಜಾರುತ್ತದೆ, ಒತ್ತಕ್ಷರಗಳನ್ನು ಉದುರಿಸುತ್ತದೆ. ಕೇಳುವವರು ಅರ್ಧ ವಾಕ್ಯವನ್ನು ತಾವೇ ರಚಿಸಿಕೊಳ್ಳಬೇಕಾಗುತ್ತದೆ.

ಇಷ್ಟೆಲ್ಲ ಆದ ಮೇಲೆ ತಿಂಗಳ ಕೊನೆಗೆ ತಲೆಯಲ್ಲಿ ಏನು ಉಳಿದಿರುತ್ತದೆ? ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಕೊನೆಯ ಅವಧಿ ಸರಿಯಾಗಿ ಒಂದು ತಿಂಗಳು, 31 ದಿನ. ಬಾಯಿಪಾಠ ಮಾಡಿದ್ದನ್ನು ಮತ್ತೆ ಕಲಿಯಲು ಕೂತಾಗ ಮೊದಲಿಗಿಂತ ಎಷ್ಟು ಶ್ರಮ ಉಳಿಯಿತು ಎಂಬುದು ಅವನ ಅಳತೆ. ಒಂದು ದಿನದ ನಂತರ ಶೇಕಡಾ 34ರಷ್ಟು, 31 ದಿನದ ನಂತರ ಶೇಕಡಾ 21ರಷ್ಟು. ಅವನು ಕಲಿತದ್ದು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು. ಕಾದಂಬರಿಗೆ ಅರ್ಥವೆಂಬುದೊಂದು ಇರುವುದರಿಂದ (ಎಲ್ಲಕ್ಕೂ ಅಲ್ಲ ಎನ್ನುವವರಿದ್ದಾರೆ) ನಮ್ಮ ಪಾಡು ಅಷ್ಟು ಕೆಟ್ಟದಿರಲಾರದು. ಆದರೆ ಆ ಅಂಕಿಗಳು ಎಳೆಯುವ ಗೆರೆಯ ಆಕಾರ ಗಮನಿಸುವಂಥದ್ದು. ದೊಡ್ಡ ಕುಸಿತ ಮೊದಲ ದಿನವೇ ಆಗಿಹೋಗುತ್ತದೆ, ಉಳಿದ ಮೂವತ್ತು ದಿನ ಬರೀ ಇಳಿಜಾರು. ಹಾಗಾಗಿ ಮೂವತ್ತನೇ ತಾರೀಖು ಕೂತು ‘ಮೂರನೇ ತಾರೀಖು ಮುಗಿಸಿದ್ದು ಹೇಗಿತ್ತು’ ಎಂದು ನೆನೆಯುವವರು ಬರೆಯುವುದು ಮೂರನೇ ತಾರೀಖಿನ ಕಾದಂಬರಿಯ ಬಗ್ಗೆಯಲ್ಲ, ಅದರ ಹೊದಿಕೆಯ ಬೆನ್ನುಡಿಯ ಬಗ್ಗೆ.

ಕಣ್ಣಿನ ನೆನಪಿಗೆ ಇನ್ನೊಂದು ಊರುಗೋಲಿದೆ: ಜಾಗ. ಅರ್ನ್ಸ್ಟ್ ರಾತ್‌ಕಾಫ್ ಎಂಬ ಮನೋವಿಜ್ಞಾನಿ 1971ರಲ್ಲಿ ತೋರಿಸಿದಂತೆ, ನೆನಪಿಟ್ಟುಕೊಳ್ಳಿ ಎಂದು ಯಾರೂ ಹೇಳದಿದ್ದರೂ ಓದುಗರಿಗೆ ಒಂದು ಸಂಗತಿ ಪುಟದ ಮೇಲ್ಗಡೆ ಇತ್ತೋ ಕೆಳಗೋ ಎಂಬ ಅಂದಾಜು ಉಳಿದಿರುತ್ತದೆ. ಎಡಪುಟದ ಕೆಳಗೆ, ಬಲಗೈ ಹೆಬ್ಬೆರಳಿನಡಿ ಇನ್ನೂ ಇಷ್ಟು ದಪ್ಪ ಬಾಕಿ ಇದ್ದಾಗ ಆ ಪತ್ರ ಬಂತು ಎಂದು ನೆನಪಾಗುವುದು ಹೀಗೆ. ಧ್ವನಿಗೆ ಎಡಬಲವಿಲ್ಲ. ಅದರ ಬದಲು ಕಿವಿ ಬೇರೆಲ್ಲಿಂದಲೋ ಜಾಗ ಕದಿಯುತ್ತದೆ. ಆ ಪತ್ರ ಬಂದದ್ದು ದಿಂಬಿನ ಕವಚ ಮಡಚುತ್ತಿದ್ದಾಗ, ನಾಯಕಿಯ ತಂದೆ ಸತ್ತದ್ದು ತಿರುವಿನ ಮರದ ಹತ್ತಿರ. ಕಾದಂಬರಿ ಮರೆತ ಮೇಲೂ ಆ ಮರ ನೋಡಿದಾಗಲೆಲ್ಲ ಯಾರೋ ಸತ್ತಂತೆನಿಸುತ್ತದೆ.

ಹಾಗಾದರೆ ದಿನದ ಟಿಪ್ಪಣಿಯನ್ನು ಅಂದಂದೇ ಬರೆಯಬೇಕು, ಉದ್ದ ಬೇಕಿಲ್ಲ. ನಾಲ್ಕು ಮನೆ ಸಾಕು. ಮೊದಲನೆಯದು ತಾರೀಖು. ಎರಡನೆಯದು ಎಲ್ಲಿಂದ ಎಲ್ಲಿಗೆ, ಪುಟವೋ ಗಂಟೆ ನಿಮಿಷವೋ. ಮೂರನೆಯದು ಕಣ್ಣೋ ಕಿವಿಯೋ, ಕಿವಿಯಾದರೆ ಆಗ ಕೈ ಏನು ಮಾಡುತ್ತಿತ್ತು. ನಾಲ್ಕನೆಯದರಲ್ಲಿ ಒಂದೇ ವಾಕ್ಯ: ಏನಾಯಿತು ಎಂದಲ್ಲ, ಏನು ಬದಲಾಯಿತು ಎಂದು. ‘ಮನೆಗೆ ಬಂದ’ ಎಂದು ಬರೆದರೆ ಒಂದು ವಾರದ ನಂತರ ಯಾರು, ಯಾವ ಮನೆ ಎಂದು ಬರೆದವರಿಗೇ ತಿಳಿಯುವುದಿಲ್ಲ. ‘ಇನ್ನು ಮೇಲೆ ತಮ್ಮ ಅಣ್ಣನನ್ನು ನಂಬುವುದಿಲ್ಲ’ ಎಂದರೆ ಇಡೀ ಅಧ್ಯಾಯ ಎದ್ದು ಬರುತ್ತದೆ. ಇಷ್ಟರ ಜೊತೆಗೆ, ಹಿಂದಕ್ಕೆ ಹೋದಾಗಲೆಲ್ಲ ಅಂಚಿನಲ್ಲಿ ಒಂದು ಚುಕ್ಕಿ. ಧ್ವನಿಯಲ್ಲಿ ಗುಂಡಿ ಒತ್ತಿದ್ದಕ್ಕೆ ಒಂದು, ಪುಸ್ತಕದಲ್ಲಿ ಪುಟ ಹಿಂದಕ್ಕೆ ತಿರುಗಿಸಿದ್ದಕ್ಕೆ ಒಂದು.

ತಿಂಗಳ ಕೊನೆಗೆ ಓದಬೇಕಾದದ್ದು ಆ ಚುಕ್ಕಿಗಳನ್ನು. ಮುಗಿಸಿದ ಪುಸ್ತಕಗಳ ಸಂಖ್ಯೆ ಹೇಳದ್ದನ್ನು ಅವು ಹೇಳುತ್ತವೆ. ಒಂದೇ ಧ್ವನಿಯ ಮೇಲೆ, ಯಾವ ಕೆಲಸ ಮಾಡುವಾಗಲೂ ಚುಕ್ಕಿ ಬಿದ್ದಿದ್ದರೆ ತೊಂದರೆ ಓದಿದವರದು, ಅಥವಾ ವೇಗದ್ದು. ಕಾಲು ಪಟ್ಟು ಇಳಿಸಿ ನೋಡಬೇಕು, ಆಗಲೂ ಬಿದ್ದರೆ ಆ ಧ್ವನಿಯನ್ನು ಬಿಡಬೇಕು. ಯಾವ ಕಾದಂಬರಿಯಾದರೂ ಒಂದೇ ಬಗೆಯ ಕೆಲಸದ ಮುಂದೆ ಚುಕ್ಕಿ ಸಾಲುಗಟ್ಟಿದ್ದರೆ ತಪ್ಪು ಕೆಲಸದ್ದು, ಕಾದಂಬರಿಯನ್ನು ಬೈದು ಫಲವಿಲ್ಲ. ಕಣ್ಣಿಗೂ ಕಿವಿಗೂ ಎರಡರಲ್ಲೂ ಒಂದೇ ಅಧ್ಯಾಯದಲ್ಲಿ ಚುಕ್ಕಿ ಬಿದ್ದಿದ್ದರೆ ಅದು ಲೇಖಕರ ಕೈವಾಡ, ಬೇಕೆಂದೇ ಗಂಟು ಹಾಕಿದ್ದಿರಬಹುದು, ಬಿಡಿಸಲು ಬಾರದೆ ಬಿಟ್ಟದ್ದೂ ಇರಬಹುದು. ಯಾವುದೆಂದು ತಿಳಿಯಲು ಕಾದಂಬರಿ ಮುಗಿದ ಮೇಲೆ ಆ ಅಧ್ಯಾಯವೊಂದನ್ನೇ ಮತ್ತೆ ಓದಬೇಕು. ಒಂದೂ ಚುಕ್ಕಿ ಇಲ್ಲದ ಕಾದಂಬರಿಯನ್ನು ಅನುಮಾನಿಸುವುದು ಒಳ್ಳೆಯದು. ಅದು ತುಂಬ ಸರಾಗವಾಗಿತ್ತು ಎಂದೂ ಆಗಬಹುದು, ಯಾರೂ ಕೇಳುತ್ತಿರಲಿಲ್ಲ ಎಂದೂ ಆಗಬಹುದು. ನಾಲ್ಕನೆಯ ಮನೆಯ ವಾಕ್ಯಗಳು ಇವೆರಡರಲ್ಲಿ ಯಾವುದೆಂದು ಬಾಯಿಬಿಡುತ್ತವೆ.

ಅರ್ಧಕ್ಕೆ ಬಿಟ್ಟವುಗಳಿಗೂ ಒಂದು ಸಾಲು ಕೊಡಬೇಕು, ಬಿಟ್ಟ ಪುಟದ ಅಂಕಿಯೊಂದಿಗೆ. ಇಪ್ಪತ್ತನೆಯ ಪುಟದಲ್ಲಿ ಬಿಟ್ಟದ್ದು ಮನಸ್ಸಿನ ತಪ್ಪು, ಇನ್ನೂರನೆಯದರಲ್ಲಿ ಬಿಟ್ಟದ್ದು ಕಾದಂಬರಿಯದು. ನಡುವೆ ಬಿಟ್ಟವನ್ನು ಕಣ್ಣಿನಿಂದ ಕಿವಿಗೆ, ಕಿವಿಯಿಂದ ಕಣ್ಣಿಗೆ ದಾಟಿಸಿ ಇನ್ನೊಂದು ಅವಕಾಶ ಕೊಡಬಹುದು. ಅಚ್ಚಿನಲ್ಲಿ ಜಡವಾಗಿ ಬಿದ್ದಿದ್ದ ಅಜ್ಜನೊಬ್ಬ ಧ್ವನಿಯಲ್ಲಿ ಎದ್ದು ಕೂತು ಮಾತಿಗಿಳಿಯುವುದುಂಟು.

ಇನ್ನು ಉಳಿದದ್ದು ಮೂವತ್ತೊಂದನೇ ರಾತ್ರಿಯ ಕಾದಂಬರಿ. ಮುಗಿಯಲು ನಲವತ್ತು ನಿಮಿಷ ಬಾಕಿ, ಹೊತ್ತು ಹನ್ನೊಂದೂವರೆ, ಈ ತಿಂಗಳ ಲೆಕ್ಕಕ್ಕೇ ಸೇರಿಸಬೇಕೆಂಬ ಹಟ. ದೀಪ ಆರಿಸಿ, ಕಿವಿಗೆ ಸಿಕ್ಕಿಸಿ, ಟೈಮರು ಬೇಡ ಎಂದು ಮಲಗಿದ್ದಾಗಿದೆ. ಬೆಳಿಗ್ಗೆ ಪರದೆಯ ಮೇಲೆ ‘ಮುಗಿಯಿತು’ ಎಂದು ಹಸಿರು ಗುರುತು ಬಿದ್ದಿರುತ್ತದೆ. ಕಿವಿಗೆ ಕೊನೆಯದಾಗಿ ನೆನಪಿರುವುದು ನಾಯಕಿ ಬಾಗಿಲ ಚಿಲಕಕ್ಕೆ ಕೈ ಹಾಕಿದ್ದು. ನಲವತ್ತರ ಅರ್ಧ ಇಪ್ಪತ್ತು, ಅಲ್ಲಿಗೆ ಹೋಗಿ ಅರ್ಧ ನಿಮಿಷ ಕೇಳಿದರೆ ಬಾಗಿಲೂ ಇಲ್ಲ, ನಾಯಕಿಯೂ ಇಲ್ಲ, ಯಾರೋ ಮುದುಕರು ಮಳೆಯ ಮಾತಾಡುತ್ತಿದ್ದಾರೆ. ಹಿಂದಕ್ಕೆ ಹತ್ತು. ಅಲ್ಲೂ ಮಳೆ. ಇನ್ನೂ ಹಿಂದಕ್ಕೆ ಐದು. ಚಿಲಕದ ಸದ್ದು ಸಿಕ್ಕಿತು. ಹೊಸ ಹಾಳೆಯಲ್ಲಿ ಒಂದನೇ ತಾರೀಖು ಬರೆದು, ಪಕ್ಕದಲ್ಲಿ ಮೂರು ಚುಕ್ಕಿ.